ಪರಸಿ ಕಲ್ಲಿನಲ್ಲಿ ರೆಸಿನ್ ಹೊಳೆ, ಬಿದ್ರಿ ಎಲೆ: ವರ್ಷದೊಳಗೇ ಯಾಕೆ ಎದ್ದು ಬಂತು?

ಪ್ರಶ್ನೆ: ನಮ್ದು ಶಹಾಪುರ ತಾಲೂಕ್ರಿ. ಮನಿತನದಿಂದ ಕಲ್ಲು ಕಡಿಯೋ ಕೆಲಸ. ನಾಗರಕಲ್ಲು, ಬಸವಣ್ಣ, ಬಾಗಿಲ ಚೌಕಟ್ಟು ಇವೇ ಮಾಡ್ಕೊಂತ ಬಂದೀವಿ. ಹೋದ ವರ್ಷ ನಾನು ಹೊಸಾದು ಏನರ ಮಾಡಬೇಕಂತ 4 ಫೂಟು ಎತ್ತರ, 2 ಫೂಟು ಅಗಲ, 2 ಇಂಚು ದಪ್ಪದ ಶಹಾಬಾದ್ ಪರಸಿಯಾಗ (ನೆಲಕ್ಕ ಹಾಸೋ ಕಲ್ಲು) ಗಿಡ, ನವಿಲು ಉಬ್ಬು ಕೆತ್ತಿದೆ. ಕೆಳಗ ಅಡ್ಡಕ್ಕ ಭೀಮಾ ಹೊಳಿ ಅಂತ ತಗ್ಗು ತಗದು ನೀಲಿ ಎಪಾಕ್ಸಿ ರೆಸಿನ್ ಸುರುವಿದೆ. ಗಿಡಕ್ಕ ಬೀದರದಿಂದ ಬಿದ್ರಿ ಎಲಿ ತರಿಸಿ ಸ್ಟೀಲ್ ಸ್ಕ್ರೂ ಹಾಕಿ ಕೂಡಿಸಿದೆ. ಕೆಳಗ ಎರಡು ಸ್ಟೀಲ್ ರಾಡ್ ತೂರಿಸಿ, ಒಂದು ಶಾಲಿ ಅಂಗಳದಾಗ ಸಿಮೆಂಟ್ ಕಟ್ಟಿ ಮ್ಯಾಲ ನಿಲ್ಲಿಸೀವಿ. ರೆಸಿನ್ ಹಾಕಿದ್ದು ಏಪ್ರಿಲ್ ದಾಗ. ಚಳಿಗಾಲ ದಾಟೋದ್ರಾಗ ಅದು ಎರಡೂ ಬದಿ ಅಂಚು ಬಿಟ್ಟು ಎದ್ದೈತಿ, ನೀಲಿ ಹೋಗಿ ಹಸಿರ ಆಗೇದ. ಎಲಿ ಮ್ಯಾಲ ಸುಣ್ಣ ಬಡದಂಗ ಬಿಳಿ ಪುಡಿ. ಬಲಗಡೆ ಕೆಳಮೂಲ್ಯಾಗ ಅಂಗೈಯಷ್ಟು ಪದರು ಸಿಡದು, ಕೆಂಪ ನೀರು ಇಳದಂಗ ಕಲಿ. ನಮ್ಮಪ್ಪ, "ಕಲ್ಲಿನ ಮೈಯಾಗ ಬ್ಯಾರೆ ಮೂಳಿ ತುರುಕಿದ್ರ ಕಲ್ಲು ತಡಕೊಳ್ಳಂಗಿಲ್ಲ, ಬಿಡು" ಅಂತಾರ. ರೆಸಿನ್ ಅಂಗಡಿಯವ ಹಾರ್ಡನರ್ ಕಡಿಮಿ ಬಿದ್ದೈತಿ ಅಂತಾನ. ಗೆಳ್ಯಾ ಒಬ್ಬ ಪೂರಾ ವಾರ್ನಿಶ್ ಹೊಡಿ ಅಂತಾನ. ಈಗ 5 ಫೂಟಿನ ಇನ್ನೊಂದು ಕೆಲಸ ಬಂದೈತಿ. ಮುಂಗಡ ತಗೊಳ್ಳಲೋ ಬ್ಯಾಡೋ? ಹೊಸ ಸಾಮಾನು ಪೂರಾ ಬಿಟ್ಟುಬಿಡಬೇಕೇನ್ರಿ?

ಉತ್ತರ: ಮುಂಗಡ ತೆಗೆದುಕೊಳ್ಳಿ. ಆದರೆ ಇದೇ ನಕ್ಷೆಯನ್ನು 5 ಫೂಟಿಗೆ ದೊಡ್ಡದು ಮಾಡುವ ವಿಚಾರ ಇದ್ದರೆ ಬೇಡ.

ನಿಮ್ಮ ಕಲ್ಲಿಗೆ ಆಗಿರುವುದು ಒಂದು ರೋಗವಲ್ಲ, ನಾಲ್ಕು. ರೆಸಿನ್ ಎದ್ದದ್ದಕ್ಕೆ ಒಂದು ಕಾರಣ, ಬಣ್ಣ ಕೆಟ್ಟದ್ದಕ್ಕೆ ಇನ್ನೊಂದು, ಎಲೆ ಬೆಳ್ಳಗಾದದ್ದಕ್ಕೆ ಮತ್ತೊಂದು, ಮೂಲೆ ಸಿಡಿದದ್ದಕ್ಕೆ ಬೇರೆಯೇ. ನಾಲ್ಕೂ ಒಂದೇ ವರ್ಷದಲ್ಲಿ ಕಾಣಿಸಿಕೊಂಡದ್ದರಿಂದ ಎಲ್ಲವನ್ನೂ "ಹೊಸ ಸಾಮಾನು" ಎಂಬ ಒಂದೇ ತಲೆಗೆ ಕಟ್ಟುತ್ತಿದ್ದೀರಿ.

ಕಲ್ಲಿಗೆ ಬೇರೆ ಸಾಮಾನು ಕೂಡಿಸುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂಡಿಸಿದ 16ನೇ ಶತಮಾನದ ಕೆಲಸ ಇವತ್ತಿಗೂ ಹೊಳೆಯುತ್ತದೆ. 1472ರ ಮಹಮೂದ್ ಗವಾನ್ ಮದರಸಾದ ಮುಖದ ಮೇಲೆ ಬಣ್ಣದ ಹೆಂಚುಬಿಲ್ಲೆಗಳು ಉಳಿದಿರುವಲ್ಲೆಲ್ಲ ಬಣ್ಣವೂ ಉಳಿದಿದೆ. ಬಿದ್ರಿ ಎಂದರೇನೇ ಸತುವಿನ ಮೈ ಕೊರೆದು ಬೆಳ್ಳಿ ಕೂಡಿಸುವ ವಿದ್ಯೆ. ರಂಗೀನ್ ಮಹಲಿಗೆ ಹೋದರೆ ಎರಡು ಸಂಗತಿ ಗಮನಿಸಿ: ಚಿಪ್ಪಿನ ಒಂದೊಂದು ತುಂಡೂ ಬಲು ಸಣ್ಣದು, ಕೆಲಸ ಇರುವುದು ಬಿಸಿಲು ಮಳೆ ನೇರ ಬೀಳದ ಕಡೆ. ನಿಮ್ಮ ಹೊಳೆ 2 ಫೂಟು ಉದ್ದದ ಒಂದೇ ತುಂಡು, ಅದೂ ಬಯಲಿನಲ್ಲಿ.

ಹೊರಗಿನ ಪ್ರಪಂಚದಲ್ಲೂ ಇದೇ ನಡೆದಿದೆ. ಕೆನಡಾದ ಹೈಡಾ ಮೂಲನಿವಾಸಿ ಸಮುದಾಯದ ಶಿಲ್ಪಿ ಬಿಲ್ ರೀಡ್ ಕೆತ್ತಿದ, 1980ರಲ್ಲಿ ಅನಾವರಣಗೊಂಡ ದೊಡ್ಡ ಕಾಗೆಯ ಶಿಲ್ಪ ಒಂದೇ ಮರದ ದಿಮ್ಮಿಯದಲ್ಲ. 106 ಸೀಡರ್ ತೊಲೆಗಳನ್ನು ಅಂಟಿಸಿ ಕಟ್ಟಿದ ಗಡ್ಡೆಯಲ್ಲಿ ಕಡೆದದ್ದು. ಅದನ್ನೂ ಇಟ್ಟಿರುವುದು ಮ್ಯೂಸಿಯಂ ಒಳಗೆ, ಸೂರಿನಡಿ. ಅಲಾಸ್ಕಾ ಕಡೆಯ ಟ್ಲಿಂಗಿಟ್ ಮೂಲನಿವಾಸಿ ಸಮುದಾಯದ ಪ್ರೆಸ್ಟನ್ ಸಿಂಗಲ್ಟರಿ ತಮ್ಮವರು ಮರದಲ್ಲಿ ಕೆತ್ತುತ್ತಿದ್ದ ಗೆರೆಗಳನ್ನೇ ಗಾಜಿನ ಮೇಲೆ ಮರಳು ಚಿಮ್ಮಿಸಿ ಕೊರೆಯುತ್ತಾರೆ. ಅವರನ್ನು ಯಾರೂ ಪರಂಪರೆ ಬಿಟ್ಟವರು ಅನ್ನುವುದಿಲ್ಲ. ಒಂದು ಮಾತು ಮಾತ್ರ: ಗುಡಿಯಲ್ಲಿ ಪ್ರತಿಷ್ಠೆ ಆಗುವ ಮೂಲಮೂರ್ತಿಗೆ ಜೋಡಣೆಯ ಕಲ್ಲು, ತೇಪೆ ಹಾಕಿದ ಕಲ್ಲು ಶಾಸ್ತ್ರಕ್ಕೆ ಸಲ್ಲುವುದಿಲ್ಲ. ಆ ಗೆರೆಯನ್ನು ನೀವು ದಾಟಿಲ್ಲ. ಶಾಲೆಯ ಅಂಗಳದ ನವಿಲಿಗೆ ಆ ಕಟ್ಟಳೆ ಇಲ್ಲ.

ಇನ್ನು ನಿಮ್ಮ ಅಪ್ಪನ ಮಾತು. ಅದು ಮೂಢನಂಬಿಕೆ ಅಲ್ಲ, ಕಬ್ಬಿಣದ ಮಟ್ಟಿಗೆ ನೂರಕ್ಕೆ ನೂರು ನಿಜ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಕೇಳುತ್ತದೆ. 2 ಇಂಚು ದಪ್ಪದ ಪರಸಿಯ ಅಂಚಿನಲ್ಲಿ ರಾಡ್ ತೂರಿಸಿದರೆ ಎರಡೂ ಬದಿಗೆ ಉಳಿಯುವ ಕಲ್ಲು ಮುಕ್ಕಾಲು ಇಂಚು. ಒಳಗಿನಿಂದ ತುಕ್ಕು ದೂಡಿದಾಗ ಅದು ಪದರಿನ ಗುಂಟ ಸಿಡಿಯದೆ ಬೇರೆ ದಾರಿಯಿಲ್ಲ. ಹಳೆಯ ಶಿಲ್ಪಿಗಳು ಕಬ್ಬಿಣದ ಪಟ್ಟಿ ಹಾಕಲೇಬೇಕಾದಾಗ ಸುತ್ತಲೂ ಸೀಸ ಕರಗಿಸಿ ಹೊಯ್ಯುತ್ತಿದ್ದದ್ದು ನೀರು ಕಬ್ಬಿಣಕ್ಕೆ ತಾಗದಿರಲಿ ಎಂದೇ. ನೀವು ಅದನ್ನು ಮಾಡಲು ಹೋಗಬೇಡಿ. ತೂತಿನಲ್ಲಿ ಹನಿ ತೇವ ಇದ್ದರೂ ಕಾದ ಸೀಸ ಮುಖಕ್ಕೆ ಸಿಡಿಯುತ್ತದೆ, ಹೊಗೆಯೂ ವಿಷ.

ನೀವು "ಸ್ಟೀಲ್ ರಾಡ್" ಎಂದು ಬರೆದಿದ್ದೀರಿ. ಯಾವ ಸ್ಟೀಲ್? ಸಿಡಿದ ಮೂಲೆಯಲ್ಲಿ ರಾಡ್ ಕಾಣುತ್ತಿದ್ದರೆ ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಚಿದರೆ ಅದು ಬಹುಶಃ ಮೇಲೆ ಹೊಳಪು ಕೊಟ್ಟ ಸಾದಾ ಕಬ್ಬಿಣ. ಕಚ್ಚದಿದ್ದರೆ ಸುಲಭಕ್ಕೆ ತುಕ್ಕು ಹಿಡಿಯದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಎಂದು ಖುಷಿಪಡಬೇಡಿ. ರೇಲಿಂಗ್ ಮಾಡುವವರ ಬಳಿ ಅಗ್ಗಕ್ಕೆ ಸಿಗುವ 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ತೇವದ ತೂತಿನೊಳಗೆ ಕಲೆ ಬಿಡುತ್ತದೆ. ಎರಡರ ವ್ಯತ್ಯಾಸ ಹೇಳಲು ಸ್ಟೀಲ್ ಅಂಗಡಿಗಳಲ್ಲಿ ಹನಿ ಹಾಕಿ ಬಣ್ಣ ನೋಡುವ ದ್ರಾವಣ ಇರುತ್ತದೆ. ಅದಕ್ಕಿಂತ ಸುಲಭ, ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳುವುದು. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿ ಕೊಳ್ಳಬೇಡಿ. ನಮ್ಮ ಕಡೆ ಸಮುದ್ರದ ಉಪ್ಪುಗಾಳಿ ಇಲ್ಲದ ಕಾರಣ 304 ಸಾಕು, ಅದಕ್ಕಿಂತ ದುಬಾರಿ ದರ್ಜೆಯಾದ 316ರ ದುಡ್ಡು ದಂಡ. ನಿಮ್ಮ ಕಲ್ಲಿನಲ್ಲಿ ಬರೀ ಕಲೆಯಲ್ಲ, ಪದರೇ ಸಿಡಿದಿದೆ. ಹಾಗಾಗಿ ಅದು ಸಾದಾ ಕಬ್ಬಿಣ ಎನ್ನುವುದೇ ನನ್ನ ಅಂದಾಜು.

ಈಗ ರೆಸಿನ್. ಬಂಡಿಯ ಗಾಲಿಗೆ ಹಳಿ ಏರಿಸುವಾಗ ಕಮ್ಮಾರ ಕಬ್ಬಿಣ ಕಾಯಿಸಿ ಹಿಗ್ಗಿಸಿ ತೊಡಿಸುತ್ತಾನೆ, ನೀರು ಹೊಯ್ದಾಗ ಅದು ಕುಗ್ಗಿ ಕಟ್ಟಿಗೆಯನ್ನು ಬಿಗಿಯುತ್ತದೆ. ನಿಮ್ಮ ಹೊಳೆಯಲ್ಲೂ ನಡೆದದ್ದು ಇದೇ, ದಿಕ್ಕು ಮಾತ್ರ ತಿರುಗುಮುರುಗು. 1 ಮೀಟರ್ ಉದ್ದದ ವಸ್ತು 10 ಡಿಗ್ರಿ ಬಿಸಿಯಾದರೆ ಪರಸಿಯಂಥ ಸುಣ್ಣಕಲ್ಲು 0.05ರಿಂದ 0.08 ಮಿ.ಮೀ. ಹಿಗ್ಗುತ್ತದೆ. ಗಾಜು 0.09, ಸ್ಟೇನ್‌ಲೆಸ್ ಸ್ಟೀಲ್ 0.17, ಹಿತ್ತಾಳೆ 0.19, ಸತುವು 0.3ರ ಹತ್ತಿರ. ಎಪಾಕ್ಸಿ? 0.5ರಿಂದ 0.7. ಅಂದರೆ ಕಲ್ಲಿನ ಸುಮಾರು ಹತ್ತು ಪಟ್ಟು.

ನೀವು ರೆಸಿನ್ ಸುರುವಿದ್ದು ಏಪ್ರಿಲ್‌ನಲ್ಲಿ, 40 ಡಿಗ್ರಿಯ ಆಸುಪಾಸಿನಲ್ಲಿ. ಅದು ಗಟ್ಟಿಯಾದದ್ದು ಆ ಹಿಗ್ಗಿದ ಅಳತೆಯಲ್ಲೇ. ಡಿಸೆಂಬರ್ ರಾತ್ರಿ ಅದು ಸುಮಾರು 30 ಡಿಗ್ರಿ ಇಳಿಯಿತು. 600 ಮಿ.ಮೀ. ಉದ್ದದ ರೆಸಿನ್ ಅಷ್ಟರಲ್ಲಿ 1 ಮಿ.ಮೀ.ಗಿಂತ ಚೂರು ಹೆಚ್ಚು ಕುಗ್ಗಿತು. ಸುತ್ತಲಿನ ಕಲ್ಲು ಕುಗ್ಗಿದ್ದು 0.1 ಮಿ.ಮೀ. ಅಷ್ಟೇ. ಉಳಿದ 1 ಮಿ.ಮೀ. ಎಲ್ಲಿಂದಲಾದರೂ ಬರಬೇಕಲ್ಲ: ಒಂದೋ ಅಂಟು ಬಿಡಬೇಕು, ಇಲ್ಲವೇ ಕಲ್ಲಿನ ಚರ್ಮ ಕಿತ್ತು ಬರಬೇಕು.

ನಿಮ್ಮಲ್ಲಿ ಯಾವುದಾಗಿದೆ ಎಂದು ನೀವೇ ನೋಡಬಹುದು. ಎದ್ದ ರೆಸಿನ್ನಿನ ಒಂದು ಚೂರು ಮುರಿದು, ಕಲ್ಲಿಗೆ ಅಂಟಿದ್ದ ಬದಿಯನ್ನು ಬೆಳಕಿಗೆ ಹಿಡಿಯಿರಿ. ಆ ಬದಿಗೆ ಬೂದುಬಣ್ಣದ ಕಲ್ಲಿನ ಪೊರೆ ಅಲ್ಲಲ್ಲಿ ಹತ್ತಿಕೊಂಡಿದ್ದರೆ ಅಂಟು ಚೆನ್ನಾಗಿಯೇ ಹಿಡಿದಿತ್ತು, ಎಳೆತ ತಡೆಯದೆ ಕಲ್ಲು ಹರಿದಿದೆ. ಗಾಜಿನ ಹಾಗೆ ನುಣುಪಾಗಿ, ಉಳಿಯ ಗೆರೆಗಳ ಅಚ್ಚು ಮಾತ್ರ ಮೂಡಿದ್ದರೆ ಅಂಟು ಹಿಡಿದೇ ಇರಲಿಲ್ಲ: ತಗ್ಗಿನಲ್ಲಿ ಪುಡಿ ಉಳಿದಿತ್ತು, ಇಲ್ಲವೇ ಕೆತ್ತುವಾಗ ಹಾಕಿದ ನೀರು ಆರಿರಲಿಲ್ಲ. ಮೊದಲನೆಯದಾದರೆ ನಕ್ಷೆ ಬದಲಿಸಬೇಕು. ಎರಡನೆಯದಾದರೂ ನಕ್ಷೆ ಬದಲಿಸಬೇಕು, ಜೊತೆಗೆ ಕೈಕೆಲಸವನ್ನೂ ತಿದ್ದಬೇಕು.

ಬೇಸಿಗೆಯಲ್ಲಿ ಇನ್ನೊಂದು ಕೇಡಿದೆ. ಕಲಬುರಗಿ, ಯಾದಗಿರಿಯ ಮೇ ಬಿಸಿಲಿನಲ್ಲಿ ಗಾಳಿ 42 ಡಿಗ್ರಿ ಇದ್ದರೆ ಬೂದು ಪರಸಿಯ ಮೈ 60 ಮುಟ್ಟುತ್ತದೆ. ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ಎರಡು ಡಬ್ಬಿಯ ಎಪಾಕ್ಸಿಗಳು ಸಾಮಾನ್ಯವಾಗಿ 45ರಿಂದ 60 ಡಿಗ್ರಿಯಲ್ಲಿ ಮೆತ್ತಗಾಗತೊಡಗುತ್ತವೆ. ಕರಗುವುದಿಲ್ಲ, ಬಿಗಿ ಕಳೆದುಕೊಳ್ಳುತ್ತವೆ. ಹಾಗಾಗಿ ನಮ್ಮ ಸೀಮೆಯಲ್ಲಿ ಬಯಲಲ್ಲಿ ನಿಲ್ಲುವ ಯಾವ ಭಾರವನ್ನೂ ಬರೀ ಅಂಟಿನ ಮೇಲೆ ಬಿಡಬಾರದು. ಭಾರವನ್ನು ಮೊಳೆ, ಕೊಕ್ಕೆ, ಕಲ್ಲಿನದೇ ಮೆಟ್ಟಿಲು ಹೊರಬೇಕು. ಅಂಟಿನ ಕೆಲಸ ಅಲುಗದಂತೆ ಹಿಡಿಯುವುದಷ್ಟೇ.

ಹಾರ್ಡನರ್ ಕಡಿಮೆ ಬಿದ್ದಿದೆ, ಹೆಚ್ಚು ಹಾಕಬೇಕಿತ್ತು ಎಂಬ ಅಂಗಡಿಯವರ ಮಾತು ತಪ್ಪು. ಆದರೆ ಆ ತಪ್ಪು ಎಲ್ಲಿಂದ ಹುಟ್ಟುತ್ತದೆ ಎಂಬುದು ತಿಳಿದಿರಲಿ. ಗ್ರಾನೈಟ್ ಅಂಗಡಿಯಲ್ಲಿ ಬಳಸುವ ಮಾಸ್ಟಿಕ್ ಎಂಬುದು ಪಾಲಿಯೆಸ್ಟರ್. ಅದಕ್ಕೆ ನೂರು ಗ್ರಾಮಿಗೆ 2-3 ಗ್ರಾಮಿನಷ್ಟು ಕ್ರೀಮ್ ಬೆರೆಸುತ್ತಾರೆ. ಅಲ್ಲಿ ಕ್ರೀಮ್ ಬರೀ ಚಾಲನೆ ಕೊಡುವ ವಸ್ತು, ಕೊಂಚ ಹೆಚ್ಚಾದರೆ ಬೇಗ ಸೆಟ್ ಆಗುತ್ತದೆ, ಅಷ್ಟೇ. ಎಪಾಕ್ಸಿಯಲ್ಲಿ ಹಾರ್ಡನರ್ ಅರ್ಧ ಅಡುಗೆ. ರೆಸಿನ್ನಿನ ಒಂದೊಂದು ಕೊಂಡಿಗೂ ಹಾರ್ಡನರಿನ ಒಂದೊಂದು ಕೊಂಡಿ ಸೇರಬೇಕು. ಹೆಚ್ಚಾದದ್ದು ಜೊತೆ ಸಿಗದೆ ಒಳಗೇ ಉಳಿದು ಜಿಗುಟಾಗುತ್ತದೆ, ತೇವ ಎಳೆಯುತ್ತದೆ, ಬೇಗ ಹಳದಿಯಾಗುತ್ತದೆ. ಡಬ್ಬಿಯ ಮೇಲಿನ ಪ್ರಮಾಣ ತೂಕದ್ದೋ ಅಳತೆಯದ್ದೋ ಎಂದು ಓದಿ. ಅಳತೆಯಲ್ಲಿ ಸರಿಸಮ ಬೆರೆಸುವ ಕೆಲವು ಎಪಾಕ್ಸಿಗಳ ತೂಕದ ಲೆಕ್ಕ 100ಕ್ಕೆ 80 ಇರುತ್ತದೆ. ತಕ್ಕಡಿಯಲ್ಲಿ ಸಮ ತೂಗಿದರೆ ಹಾರ್ಡನರ್ ಕಾಲುಪಾಲು ಹೆಚ್ಚಾಗಿರುತ್ತದೆ. 1 ಗ್ರಾಮ್ ತೋರಿಸುವ ಅಡುಗೆಮನೆ ತಕ್ಕಡಿ ಕೊಂಡುಕೊಳ್ಳಿ.

ನೀಲಿ ಹಸಿರಾದದ್ದು ಸರಳ. ಬಣ್ಣ ಹೋಗಿಲ್ಲ, ರೆಸಿನ್ ಹಳದಿಯಾಗಿದೆ. ನೀಲಿಯ ಮೇಲೆ ಹಳದಿ ಕೂತರೆ ಹಸಿರು ಕಾಣುತ್ತದೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಸಾಮಾನ್ಯ ಎಪಾಕ್ಸಿ ಹಳದಿಯಾಗಿಯೇ ಆಗುತ್ತದೆ. "ಯುವಿ ಪ್ರೂಫ್" ಎಂದು ಬರೆದದ್ದೂ ಅಷ್ಟೇ, ಕೊಂಚ ತಡವಾಗಿ.

ಬಿದ್ರಿ ಎಲೆಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಬೀದರದ ಕುಶಲಕರ್ಮಿಯದೂ ತಪ್ಪಿಲ್ಲ. ಬಿದ್ರಿಯ ಲೋಹದಲ್ಲಿ ಬಹುಪಾಲು ಸತುವು, ಸ್ವಲ್ಪ ತಾಮ್ರ. ಸಾಮಾನ್ಯವಾಗಿ ಹೇಳುವ ಲೆಕ್ಕ 16ಕ್ಕೆ 1. ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್ ಉಪ್ಪು) ಕಲಸಿದ ನೀರಲ್ಲಿ ಕುದಿಸಿದಾಗ ಸತುವು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಕಪ್ಪು ತೀರ ತೆಳುವಾದ ಪೊರೆ. ಮನೆಯೊಳಗೆ ಆಗಾಗ ಎಣ್ಣೆ ಕೈ ಆಡಿಸುವ ಹೂಜಿ, ತಟ್ಟೆಗೆ ಅದು ಸಾಕು. ಬಯಲ ಮಳೆಗೆ ಅದನ್ನು ಯಾರೂ ಮಾಡಿದ್ದಲ್ಲ. ಅದರ ಮೇಲೆ ನಿಮ್ಮ ಕಡೆಯಿಂದ ಎರಡು ಸೇರಿವೆ. ಸ್ಟೀಲ್ ಸ್ಕ್ರೂ ಮತ್ತು ಸತುವು ಒಂದನ್ನೊಂದು ಮುಟ್ಟಿಕೊಂಡು ಒದ್ದೆಯಾದರೆ ಅದು ಸಣ್ಣ ಬ್ಯಾಟರಿ ಇದ್ದಂತೆ; ಸವೆಯುವುದು ಯಾವಾಗಲೂ ಸತುವೇ. ಸ್ಕ್ರೂ ತೂತಿನ ಸುತ್ತ ಬಿಳಿ ಪುಡಿ ದಟ್ಟವಾಗಿದ್ದರೆ ಇದೇ ಕಾರಣ. ಎಲೆಯ ಹಿಂದೆ ಕಲ್ಲಿಗೂ ಲೋಹಕ್ಕೂ ನಡುವೆ ನೀರು ನಿಂತು ಆರದೇ ಇದ್ದದ್ದು ಇನ್ನೊಂದು. ಕಪ್ಪು ಮಾಡಿದ ಮೇಲೆ ನವಸಾಗರದ ಉಪ್ಪು ಸರಿಯಾಗಿ ತೊಳೆದು ಹೋಗದೆ ಗೀರುಗಳಲ್ಲಿ ಉಳಿದಿದ್ದರೂ ಬಿಳಿ ಪುಡಿ ಏಳುತ್ತದೆ.

ಶಾಲೆಯಲ್ಲಿ ಯಾರಾದರೂ ಹಬ್ಬಕ್ಕೆ ಹುಣಸೆಹುಳಿ ಹಚ್ಚಿ ಎಲೆಗಳನ್ನು ತಿಕ್ಕಿದ್ದಾರೆಯೇ, ವಿಚಾರಿಸಿ. ಹಿತ್ತಾಳೆಗೆ ಒಗ್ಗುವ ಹುಳಿ ಸತುವನ್ನೂ ತಿನ್ನುತ್ತದೆ, ಸುಣ್ಣಕಲ್ಲನ್ನೂ ತಿನ್ನುತ್ತದೆ. ನಿಂಬೆಹಣ್ಣು, ಮೊಸರು, ಟಾಯ್ಲೆಟ್ ತೊಳೆಯುವ ಆಸಿಡ್ ಎಲ್ಲವೂ ಅದೇ ಜಾತಿ.

ಇನ್ನು ಕಲ್ಲಿನ ಗುಣ. ನಿಮ್ಮ ಊರಿನ ಸುತ್ತಲಿನ ಗುಡ್ಡಗಳದು ಗ್ರಾನೈಟ್ ಜಾತಿ, ಯಾವ ಕಡೆಯಿಂದ ಹೊಡೆದರೂ ಹೆಚ್ಚೂಕಡಿಮೆ ಒಂದೇ ಗಟ್ಟಿ. ಪರಸಿ ಹಾಗಲ್ಲ. ಅದು ನೀರಡಿಯಲ್ಲಿ ಪದರು ಪದರಾಗಿ ಕೂತು ಕಲ್ಲಾದದ್ದು, ನಡುನಡುವೆ ಕೂದಲೆಳೆಯಷ್ಟು ಜೇಡಿ. ಖಣಿಯಲ್ಲಿ ಹಾರೆ ಹಾಕಿ ಎಬ್ಬಿಸಿದರೆ ಹಲಗೆಯಂತೆ ಬರುವುದು ಆ ಜೇಡಿಯ ದಯೆಯಿಂದಲೇ. ನೆಲಕ್ಕೆ ಹಾಸಿದಾಗ ಪದರುಗಳು ಮಲಗಿರುತ್ತವೆ, ಭಾರ ಅವನ್ನು ಒತ್ತಿ ಹಿಡಿಯುತ್ತದೆ. ನೀವು ಅದನ್ನು ಎತ್ತಿ ನಿಲ್ಲಿಸಿದಾಗ ಪದರುಗಳೂ ನಿಂತವು; ಅಡಿಯಿಂದ ಏರುವ ನೀರಿಗೆ, ಸಿಮೆಂಟಿನ ಉಪ್ಪಿಗೆ ಅದು ತೆರೆದ ಬಾಗಿಲು.

ಹಾಗೆಂದು ಪರಸಿಯಲ್ಲಿ ಶಿಲ್ಪ ಮಾಡಬಾರದೇ? ಚಿತ್ತಾಪುರ ತಾಲೂಕಿನ ಸನ್ನತಿಯ ಪಕ್ಕ, ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ ಸುಮಾರು 2000 ವರ್ಷ ಹಳೆಯ ಸ್ತೂಪದ ಉಬ್ಬುಶಿಲ್ಪಗಳಿವೆ. ರಾಣಿಯರ ಜೊತೆ ನಿಂತ ಅಶೋಕನ ಶಿಲ್ಪ, ಅದರ ಮೇಲೆ ಬ್ರಾಹ್ಮಿಯಲ್ಲಿ "ರಾಯ ಅಸೋಕೊ" ಎಂಬ ಬರಹ, ಎಲ್ಲವೂ ಸುಣ್ಣಕಲ್ಲಿನ ಹಲಗೆಯ ಮೇಲೇ. ಒಮ್ಮೆ ಹೋಗಿ, ಬೆಳಿಗ್ಗೆ ಓರೆ ಬಿಸಿಲಿದ್ದಾಗ ಉಬ್ಬಿನ ಆಳ ನೋಡಿ. ಮೂರ್ತಿಗಳ ಅಂಚು ಹಿನ್ನೆಲೆಗೆ ಇಳಿಜಾರಾಗಿ ಇಳಿಯುತ್ತದೆ, ಅಡಿ ಕೊರೆದು ತೇಲಿಸಿದ ಭಾಗ ಕಡಿಮೆ. ಕಲ್ಲಿನ ಪದರು ತಿಳಿದವರ ಕೆಲಸ ಅದು. ನವಿಲಿನ ಗರಿ, ಎಲೆ ಇಂಥವುಗಳ ಅಡಿ ಕೊರೆಯುವ ಆಸೆ ನಮ್ಮ ಇವತ್ತಿನ ಶಿಲ್ಪಿಗಳಿಗೆ ಹೆಚ್ಚು. ಪರಸಿಯಲ್ಲಿ ಅದನ್ನು ಬಿಡಬೇಕು.

ವಾರ್ನಿಶ್ ಹೊಡೆಯಬೇಡಿ. ಮುಂದಿನಿಂದ ಬಾಯಿ ಮುಚ್ಚಿದ ಕಲ್ಲಿಗೆ ನೀರು ಹಿಂದಿನಿಂದ, ಅಡಿಯಿಂದ ಬಂದೇ ಬರುತ್ತದೆ. ಹೊರಗೆ ಹೋಗಲು ದಾರಿ ಸಿಗದೆ ವಾರ್ನಿಶ್ ಕೆಳಗೆ ಉಪ್ಪು ಕಟ್ಟಿ ಕಲ್ಲಿನ ಮೇಲ್ಮೈಯನ್ನೇ ಎಬ್ಬಿಸುತ್ತದೆ. ಸಿಲೇನ್ ಎಂಬ, ಉಸಿರಾಡಲು ಬಿಡುವ ನೀರುತಡೆ ದ್ರವ ಇದೆ. ಗ್ರಾನೈಟಿಗೆ, ಇಟ್ಟಿಗೆಗೆ ಅದು ಗಟ್ಟಿ ಹಿಡಿಯುತ್ತದೆ, ಸುಣ್ಣಕಲ್ಲಿಗೆ ಅಷ್ಟಾಗಿ ಹಿಡಿಯುವುದಿಲ್ಲ. ಅಡಿಯ ನೀರು ನಿಲ್ಲಿಸದೆ ಅದನ್ನು ಹೊಡೆಯುವುದು ದುಡ್ಡಿಗೆ ಕೇಡು.

ಈಗಿನ ಕಲ್ಲನ್ನು ಉಳಿಸುವ ಬಗೆ. 4 ಫೂಟಿನ ಈ ಹಲಗೆ ಅಂದಾಜು 100 ಕಿಲೋ ತೂಗುತ್ತದೆ. ಇಳಿಸುವಾಗ ಮಲಗಿಸಬೇಡಿ, ನಿಂತ ಭಂಗಿಯಲ್ಲೇ ಎತ್ತಿ, ಎರಡು ಕಟ್ಟಿಗೆಯ ಮೇಲೆ ಗೋಡೆಗೆ ಒರಗಿಸಿ. ನೆರಳಲ್ಲಿ ಎರಡು ಮೂರು ವಾರ ಆರಲಿ. ನಂತರ ಬೆರಳ ಗೆಣ್ಣಿನಿಂದ ಇಡೀ ಮೈ ಬಡಿಯುತ್ತ ಬನ್ನಿ. ಒಳ್ಳೆಯ ಕಡೆ ಖಣಖಣ, ಪದರು ಬಿಟ್ಟ ಕಡೆ ಬದಬದ. ಈ ನಾದ ನಿಮಗೆ ಹೇಳಿಕೊಡಬೇಕಿಲ್ಲ. ಬದಬದ ಅಂದ ಜಾಗಕ್ಕೆಲ್ಲ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ. ಅಂಗೈಯಷ್ಟು ಸಿಡಿದಿದೆ ಎಂದರೆ ಸುತ್ತ ಇನ್ನಷ್ಟು ಸಡಿಲಾಗಿರುವ ಸಂಭವವೇ ಹೆಚ್ಚು.

ರಾಡುಗಳನ್ನು ಹೊಡೆದು ಕೀಳಬೇಡಿ. ಸುತ್ತ ತೆಳು ಡೈಮಂಡ್ ಬಿಟ್‌ನಿಂದ, ನೀರು ಬಿಡುತ್ತ, ಸಣ್ಣ ಸಣ್ಣ ತೂತು ಕೊರೆದು ಸಡಿಲಿಸಿ. ಹ್ಯಾಮರ್ ಡ್ರಿಲ್‌ನ ಹ್ಯಾಮರ್ ಆಫ್ ಇರಲಿ. ರೆಸಿನ್ ತೆಗೆಯಲು ಹೀಟ್ ಗನ್ ಸಾಕು. 80ರಿಂದ 100 ಡಿಗ್ರಿಗೆ ಅದು ಚರ್ಮದಂತೆ ಮೆತ್ತಗಾಗುತ್ತದೆ, ಬಿದಿರಿನ ಚಪ್ಪೆಯಿಂದ ಎಬ್ಬಿಸಬಹುದು. ಗನ್ ಒಂದೇ ಕಡೆ ನಿಲ್ಲಿಸಬೇಡಿ. ಬೆಂಕಿಯ ಟಾರ್ಚ್ ಅಂತೂ ಬೇಡವೇ ಬೇಡ, ಕಲ್ಲು ಚಟಪಟ ಎನ್ನುತ್ತದೆ. ಕಿಟಕಿ ಬಾಗಿಲು ತೆರೆದಿರಲಿ.

ಬಿದ್ದ ಪದರು ಕಾಪಿಟ್ಟಿದ್ದರೆ ಅದನ್ನು ಮತ್ತೆ ಕೂಡಿಸಬಹುದು. ಇಡೀ ಮೈಗೆ ಅಂಟು ಬಳಿಯಬಾರದು. ಅವರೆಕಾಳಿನಷ್ಟು ಗಾತ್ರದ ಐದಾರು ಚುಕ್ಕಿ ಎಪಾಕ್ಸಿ ಇಟ್ಟು ಒತ್ತಿ, ಸುತ್ತಲಿನ ಗೆರೆಯನ್ನು ಒಂದು ಪಾಲು ನೆನೆಸಿದ ಸುಣ್ಣ, ಮೂರು ಪಾಲು ಅದೇ ಕಲ್ಲಿನ ಜರಡಿ ಹಿಡಿದ ಪುಡಿ ಕಲಸಿ ತುಂಬಿ. ಸುಣ್ಣ ನೀರನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಒದ್ದೆ ಬಟ್ಟೆ ಮುಚ್ಚಿ ಒಂದು ವಾರ ನಿಧಾನಕ್ಕೆ ಆರಿಸಿ. ತುಕ್ಕಿನ ಕಲೆ ಪೂರ್ತಿ ಹೋಗುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ. ಕಲೆ ತೆಗೆಯುವ ಬಹುತೇಕ ದ್ರವಗಳು ಆಸಿಡ್, ಅವು ಕಲೆಗಿಂತ ಮೊದಲು ಕಲ್ಲನ್ನು ತಿನ್ನುತ್ತವೆ.

ಎಲೆಗಳನ್ನು ಬಿಚ್ಚಿ, ಒಣ ನೈಲಾನ್ ಬ್ರಶ್‌ನಿಂದ ಪುಡಿ ಉದುರಿಸಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ಬೀದರಕ್ಕೆ ಕಳಿಸಿ. ಮತ್ತೆ ಕಪ್ಪು ಏರಿಸಿಕೊಡುತ್ತಾರೆ. ಕೊನೆಗೆ ಎರಡು ಮೂರು ಸಲ ನೀರು ಬದಲಿಸಿ ತೊಳೆಯಲು ಹೇಳಿ. ತಿರುಗಿ ಬಂದ ಮೇಲೆ ಈ ಅಂಗಳದ ಕಲ್ಲಿಗೆ ಅವನ್ನು ಹಾಕದಿದ್ದರೇ ಒಳಿತು. ಆ ತಗ್ಗುಗಳಿಗೆ ಕರಿಗ್ರಾನೈಟಿನ ಎಲೆ ಕೆತ್ತಿ ಕೂಡಿಸಿ. ದೂರದಿಂದ ಅದೇ ಕಪ್ಪು.

5 ಫೂಟಿನ ಹೊಸ ಕೆಲಸಕ್ಕೆ ಬರೋಣ. ಮೊದಲು ಕೇಳಬೇಕಾದದ್ದು ಅದು ಎಲ್ಲಿ ನಿಲ್ಲುತ್ತದೆ ಎಂಬುದು. ಒಳಾಂಗಣ, ಇಲ್ಲವೇ ಮಳೆ ಬಿಸಿಲು ಬೀಳದ ಪಡಸಾಲೆ ಆದರೆ ನಿಮಗೆ ಎಲ್ಲ ಸಾಮಾನೂ ತೆರೆದಿದೆ, ಬಿದ್ರಿಯೂ ರೆಸಿನ್ನೂ. ಬಯಲಾದರೆ ಆಯ್ಕೆ ಕಿರಿದಾಗುತ್ತದೆ.

ಬಯಲಿನ ನೀಲಿಗೆ ನನ್ನ ಮೊದಲ ಆಯ್ಕೆ ಗಾಜು. ಬಿಸಿಲಿಗೆ ಬಣ್ಣ ಕೆಡುವುದಿಲ್ಲ, ಹಿಗ್ಗು ಕಲ್ಲಿಗೆ ತೀರ ಹತ್ತಿರ. ಮೈಯೊಳಗೇ ಬಣ್ಣ ಇರುವ 6ರಿಂದ 8 ಮಿ.ಮೀ. ದಪ್ಪದ ನೀಲಿ ಗಾಜನ್ನು 40-50 ಮಿ.ಮೀ. ತುಂಡುಗಳಾಗಿ ಕತ್ತರಿಸಿ, ಅಂಚು ನೀರುಕಲ್ಲಿಗೆ ತಿಕ್ಕಿ, ತುಂಡು ತುಂಡಿನ ನಡುವೆ 2 ಮಿ.ಮೀ. ಬಿಟ್ಟು ಕೂಡಿಸಿ. ಕೆಳಗೆ ಹಾಸಲು ಸಿಲಿಕೋನ್ ಬೇಕು, ಆದರೆ ವಿನಿಗರ್ ವಾಸನೆಯ ಸಿಲಿಕೋನ್ ಬೇಡ. ಅದು ಆರುವಾಗ ಬಿಡುವ ಆಮ್ಲ ಸುಣ್ಣಕಲ್ಲನ್ನೂ ಸತುವನ್ನೂ ಕೊರೆಯುತ್ತದೆ. ಟ್ಯೂಬಿನ ಮೇಲೆ "ನ್ಯೂಟ್ರಲ್ ಕ್ಯೂರ್" ಎಂದು ಇರಲೇಬೇಕು. ಕೆಲವು ಸಿಲಿಕೋನ್ ಕಲ್ಲಿನ ಅಂಚಿಗೆ ಎಣ್ಣೆಕಲೆ ಬಿಡುತ್ತವೆ, ಹಾಳು ತುಂಡಿನ ಮೇಲೆ ಒಂದು ತಿಂಗಳು ಹಚ್ಚಿಟ್ಟು ನೋಡಿ. ತಗ್ಗಿನ ಕೆಳತುದಿಗೆ 5 ಮಿ.ಮೀ.ನ ಒಂದು ತೂತು ಓರೆಯಾಗಿ ಹೊರಗೆ ಬಿಡಿ. ಒಳಗೆ ಇಳಿದ ನೀರು ಅಲ್ಲಿಂದ ಹೋಗಲಿ.

ರೆಸಿನ್ನೇ ಬೇಕು ಎಂದು ಗಿರಾಕಿ ಹಟ ಹಿಡಿದರೆ, ಅದನ್ನು ಕಲ್ಲಿನ ಮೇಲೆ ಸುರುವಬೇಡಿ. ಬೇರೆ ಅಚ್ಚಿನಲ್ಲಿ 50 ಮಿ.ಮೀ. ಬಿಲ್ಲೆಗಳಾಗಿ ಹೊಯ್ದು, ಗಟ್ಟಿಯಾದ ಮೇಲೆ ಗಾಜಿನಂತೆಯೇ ಸಿಲಿಕೋನ್ ಮೇಲೆ ಕೂಡಿಸಿ. 600 ಮಿ.ಮೀ.ಗೆ 1 ಮಿ.ಮೀ. ಎಳೆಯುತ್ತಿದ್ದದ್ದು 50 ಮಿ.ಮೀ. ತುಂಡಿನಲ್ಲಿ 0.1ರೊಳಗೆ ಇಳಿಯುತ್ತದೆ, ಸಿಲಿಕೋನ್ ಅದನ್ನು ನುಂಗಿಕೊಳ್ಳುತ್ತದೆ. ಹಳದಿಯಾದಾಗ ಬಿಲ್ಲೆ ಕಿತ್ತು ಬೇರೆ ಹಾಕಬಹುದು, ಕಲ್ಲಿಗೆ ಗೀರೂ ಬೀಳದು. ಟೇಬಲ್ ಟಾಪ್ ರೆಸಿನ್ನನ್ನು ದಪ್ಪಗೆ ಹೊಯ್ಯಬೇಡಿ, ಒಂದು ಸಲಕ್ಕೆ 3-5 ಮಿ.ಮೀ. ಅದರ ಮಿತಿ. ಮೀರಿದರೆ ಒಳಗೇ ಕಾದು ಗುಳ್ಳೆ ಏಳುತ್ತದೆ, ಬಿರಿಯುತ್ತದೆ. ಏಪ್ರಿಲ್ ಮಧ್ಯಾಹ್ನದ ಬದಲು ಬೆಳಗಿನ ಜಾವ ಕೆಲಸ ಮಾಡಿ.

ಫೈಬರ್‌ಗ್ಲಾಸ್ ಕಡೆ ಹೋಗುವ ವಿಚಾರ ಇದ್ದರೆ ಒಂದೇ ಎಚ್ಚರಿಕೆ, ಆದರೆ ಪ್ರಾಣದ್ದು. ಅಲ್ಲಿ ರೆಸಿನ್ ಗಟ್ಟಿಯಾಗಿಸಲು ಬಳಸುವ ಕೋಬಾಲ್ಟ್ ಮತ್ತು ಎಂಇಕೆಪಿ ಎಂಬ ಎರಡು ದ್ರವಗಳನ್ನು ಎಂದೂ ನೇರವಾಗಿ ಬೆರೆಸಬಾರದು, ಸ್ಫೋಟಿಸುತ್ತವೆ. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆ ಮಾತ್ರ ಇನ್ನೊಂದು. ಎರಡಕ್ಕೂ ಒಂದೇ ಅಳತೆಗ್ಲಾಸು ಇಡಬೇಡಿ.

ನಿಲ್ಲಿಸುವುದು. 5 ಫೂಟು, ಎರಡೂವರೆ ಫೂಟು, 3 ಇಂಚು ದಪ್ಪ ಎಂದರೆ 230 ಕಿಲೋ ದಾಟುತ್ತದೆ, ನಾಲ್ಕು ಹುಡುಗರು ಎತ್ತುವ ಮಾತಲ್ಲ. ಚೈನ್ ಪುಲ್ಲಿ ತರಿಸಿ. ಭಾರವನ್ನು ಅಡಿಯ ಕಲ್ಲಿನ ಗಾಡಿಗೆ, ಅಂದರೆ ಹಲಗೆ ಕೂರುವ ಗ್ರಾನೈಟ್ ತಗ್ಗಿಗೆ ಬಿಡಿ. ತಗ್ಗು ಹಲಗೆಗಿಂತ 10 ಮಿ.ಮೀ. ಅಗಲ ಇರಲಿ, ಕೆಳಗೆ ಸೀಸದ ಹಾಳೆ ಅಥವಾ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ, ನೀರು ಹೋಗಲು ತೂತು. ಸುತ್ತಲಿನ ಸಂದಿಗೆ ಸುಣ್ಣದ ಗಾರೆ. ಅಲುಗದಿರಲು ಮಾತ್ರ ಎರಡು 304 ಪಿನ್ನು: 10 ಮಿ.ಮೀ. ಪಿನ್ನಿಗೆ 13 ಮಿ.ಮೀ. ತೂತು, 80 ಮಿ.ಮೀ. ಆಳ, ದಪ್ಪದ ನಟ್ಟನಡುವೆ, ಮೂಲೆಯಿಂದ ಕನಿಷ್ಠ 150 ಮಿ.ಮೀ. ದೂರ. ಒಂದು ಪಿನ್ನಿಗೆ ಎಪಾಕ್ಸಿ ಹಾಕಿ. ಇನ್ನೊಂದಕ್ಕೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ತೂತನ್ನು ಅಡ್ಡಕ್ಕೆ ಕೊಂಚ ಉದ್ದ ಮಾಡಿ, ಅಂಟಿಲ್ಲದೆ ಬಿಡಿ. ಎರಡನ್ನೂ ಬಿಗಿದರೆ ಕಲ್ಲು ಮೈ ಮುರಿಯಲು ಜಾಗವಿರುವುದಿಲ್ಲ. ಪಿನ್ ಕತ್ತರಿಸಲು, ಕಬ್ಬಿಣ ಕತ್ತರಿಸಿದ ಹಳೇ ಡಿಸ್ಕ್ ಬಳಸಬೇಡಿ. ಅದರ ಕಬ್ಬಿಣದ ಪುಡಿ ಹತ್ತಿ ಒಳ್ಳೆಯ ಸ್ಟೀಲ್ ಕೂಡ ಕೆಂಪು ಸುರಿಸುತ್ತದೆ.

ಹಲಗೆಯ ಅಡಿ ನೆಲಕ್ಕಿಂತ ಅರ್ಧ ಫೂಟು ಮೇಲಿರಲಿ, ತಲೆಯ ಮೇಲೆ ಎರಡು ಇಂಚು ಮುಂದೆ ಚಾಚಿದ ಮಾಡುಗಲ್ಲು ಇರಲಿ. ಜಾಗ ಎರೆ ಭೂಮಿಯಾದರೆ ಪಾಯ ಮೊರಂ (ಗಟ್ಟಿ ಗರಸು ಮಣ್ಣು) ಸಿಗುವತನಕ ಇಳಿಯಲೇಬೇಕು. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮೇಲೆ ನಿಂತದ್ದು ಎಷ್ಟೇ ಚೆನ್ನಾಗಿದ್ದರೂ ವಾಲುತ್ತದೆ.

ಪಡಸಾಲೆಯ ಕೆಲಸದಲ್ಲಿ ಬಿದ್ರಿ ಕೂಡಿಸುವಾಗ ಸ್ಕ್ರೂ ಮತ್ತು ಲೋಹದ ನಡುವೆ ನೈಲಾನ್ ವಾಷರ್, ಎಲೆಯ ಬೆನ್ನಿಗೆ ಎರಡು ಕೋಟು ಆಕ್ರಿಲಿಕ್ ಲ್ಯಾಕರ್, ಸುತ್ತ 1 ಮಿ.ಮೀ. ಜಾಗ. ಮುಂಭಾಗಕ್ಕೆ ಲ್ಯಾಕರ್ ಬೇಡ, ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ಇನ್ನೊಂದು ಮಾತು: ಬಿದ್ರಿಗೆ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅಲ್ಯುಮಿನಿಯಂ ಮೇಲೆ ಕಪ್ಪು ಬಳಿದು, ಇಲ್ಲವೇ ರೆಸಿನ್ನಿನಲ್ಲಿ ಬೆಳ್ಳಿ ತಂತಿ ಹುದುಗಿಸಿ ಅದನ್ನು ಬಿದ್ರಿ ಎಂದು ಮಾರುವಂತಿಲ್ಲ. ಬಿಲ್ಲಿನಲ್ಲಿ ಯಾವುದು ಬೀದರದ ಬಿದ್ರಿ, ಯಾವುದು ಗಾಜು, ಯಾವುದು ಕಲ್ಲು ಎಂದು ಬಿಡಿಸಿ ಬರೆಯಿರಿ.

ಧೂಳಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾಗದು. ಉಳಿ ಸುತ್ತಿಗೆಯ ಕಾಲದಲ್ಲಿ ಚಕ್ಕೆ ಬೀಳುತ್ತಿತ್ತು, ಈಗ ಗ್ರೈಂಡರ್ ಹಿಟ್ಟು ಮಾಡುತ್ತದೆ. ಆ ಹಿಟ್ಟಿನ ಕಣ್ಣಿಗೆ ಕಾಣದ ಭಾಗವೇ ಶ್ವಾಸಕೋಶ ಸೇರುವುದು. ಗ್ರಾನೈಟಿನ ಹಿಟ್ಟಿನಲ್ಲಿ ಸಿಲಿಕಾ ಬಹಳ. ಸಿಲಿಕೋಸಿಸ್ ಬಂದರೆ ಹಿಂದಕ್ಕೆ ಹೋಗುವ ರೋಗವಲ್ಲ. ಟವೆಲ್ ಕಟ್ಟಿಕೊಂಡರೆ ಏನೂ ತಡೆಯುವುದಿಲ್ಲ. ನೀರು ಬಿಟ್ಟು ಕೊರೆಯಿರಿ, ಎನ್95 ಮಾಸ್ಕ್ ಕನಿಷ್ಠ, ಕೆಲಸದ ಅಂಗಿಯಲ್ಲಿ ಮನೆಯೊಳಗೆ ಹೋಗಬೇಡಿ. ಎಪಾಕ್ಸಿಗೆ ನೈಟ್ರೈಲ್ ಗ್ಲೌಸ್. ಹಾರ್ಡನರ್ ಮೈಗೆ ಒಮ್ಮೆ ಅಲರ್ಜಿ ಹಚ್ಚಿದರೆ ಆಮೇಲೆ ವಾಸನೆಗೂ ಕೈ ತುರಿಸುತ್ತದೆ.

ಮುಂಗಡದ ಜೊತೆ ಒಂದು ಹಾಳೆಗೆ ಗಿರಾಕಿಯ ಸಹಿ ಹಾಕಿಸಿ. ತೊಳೆಯಲು ಬರೀ ನೀರು ಮತ್ತು ಮೆತ್ತನೆ ಬ್ರಶ್, ಹುಳಿ ಆಸಿಡ್ ಇಲ್ಲ. ಮಳೆಗಾಲಕ್ಕೆ ಮೊದಲು ಒಮ್ಮೆ, ದೀಪಾವಳಿ ಆದ ಮೇಲೆ ಒಮ್ಮೆ ನೀರಿನ ತೂತುಗಳಿಗೆ ತಂತಿ ಹಾಕಿ ನೋಡುವುದು. ಬಿಲ್ಲೆ ಬದಲಿಸುವ ಖರ್ಚು ಯಾರದು, ಎಷ್ಟು ವರ್ಷದ ತನಕ. ಹೊಳೆಗೆ ಬೇಕಾದ್ದಕ್ಕಿಂತ ಆರು ಬಿಲ್ಲೆ ಹೆಚ್ಚಿಗೆ ಕತ್ತರಿಸಿ, ಅವರ ಕೈಗೇ ಕೊಟ್ಟಿಡಿ.